ಎದೆಯ ಜಾತಕ

ಪಂಪಾಪತಿಯ ಮಾದರಿ ಯಂತ್ರಕ್ಕೆ ಬಂದದ್ದು ಒಂದು ಮಂಗಳವಾರ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ. ಸೀಸೆಯ ಮೇಲೆ ಹೆಸರಿರಲಿಲ್ಲ, ನಿಯಮದ ಪ್ರಕಾರ ಬರೀ ಸಂಖ್ಯೆ. ಆದರೆ ಆ ಸಂಖ್ಯೆಯ ಅರ್ಜಿಯನ್ನು ಹಿಂದಿನ ವಾರ ಮನೆಯಲ್ಲಿ ಕೂತು ತುಂಬಿದವಳು ಆ ಯಂತ್ರ ನಡೆಸುವ ಅವನ ಹೆಂಡತಿ ವಿಶಾಲಾಕ್ಷಿಯೇ. ಕಾರ್ಖಾನೆಯಲ್ಲಿ ಹತ್ತು ವರ್ಷ ದಾಟಿದವರೆಲ್ಲ ಎದೆ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ಆ ವರ್ಷ ಹೊಸ ಆದೇಶ ಬಂದಿತ್ತು. ಕ್ರೇನ್ ಓಡಿಸುವ ಪಂಪಾಪತಿಗೆ ಅಲ್ಲಿ ಹದಿನಾರು ವರ್ಷ ತುಂಬಿತ್ತು.

"ಕಡೀಗೆ ನಿನ್ನ ಕೈಯಾಗ ಬಂದು ಬಿದ್ದೆ ನೋಡು," ಎಂದು ಅರ್ಜಿಗೆ ಸಹಿ ಹಾಕುವಾಗ ಅವನು ನಕ್ಕಿದ್ದ.

ಗಣಿಹಾಳ ಬಳ್ಳಾರಿ ಸೀಮೆಯ ಊರು. ಗುಡ್ಡದ ಅದಿರಿನಿಂದ ಏಳುವ ಕೆಂಪು ಧೂಳು, ಕಬ್ಬಿಣದ ಗೂಡುಗಳಿಂದ ಬರುವ ಕರಿ ಧೂಳು, ಎರಡೂ ಕೂತು ಕೂತು ಊರಿನ ಗೋಡೆಗಳಿಗೆಲ್ಲ ಒಂದೇ ಬಣ್ಣ ಬಂದಿತ್ತು. ಬಟ್ಟೆ ಒಣಹಾಕುವ ಮುಂಚೆ ಹೆಂಗಸರು ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡುತ್ತಿದ್ದರು. ಕೆಮ್ಮದವರು ಯಾರಾದರೂ ಸಿಕ್ಕರೆ ಯಾವ ಊರಿನಿಂದ ಬಂದಿರಿ ಎಂದು ಕೇಳುವ ವಾಡಿಕೆ. ಇಂಥ ಊರಿಗೆ ಶ್ವಾಸ ಪರೀಕ್ಷಾ ಕೇಂದ್ರ ಬಂದು ಎರಡು ವರ್ಷವಾಗಿತ್ತು. ಅದರ ಜೊತೆ ಬಂದದ್ದು ಆ ಯಂತ್ರ.

ಯಂತ್ರದ ಕೆಲಸ ಹೀಗೆ. ಉಸಿರಿನೊಂದಿಗೆ ಒಳಹೋದ ಧೂಳಿನ ಕಣವನ್ನು ಹೊರಹಾಕಲು ಆಗದಿದ್ದಾಗ ದೇಹ ಅದರ ಸುತ್ತ ತೆಳ್ಳಗೆ ಒಂದು ಪೊರೆ ಕಟ್ಟುತ್ತದೆ. ವರ್ಷ ಕಳೆದಂತೆ ಪೊರೆಯ ಮೇಲೆ ಪೊರೆ. ಪುಪ್ಪುಸಕ್ಕೆ ಸ್ವಲ್ಪ ಉಪ್ಪುನೀರು ಬಿಟ್ಟು ವಾಪಸು ಎಳೆದುಕೊಂಡರೆ ಅದರಲ್ಲಿ ಸಾವಿರಾರು ಕಣಗಳು ಬರುತ್ತವೆ. ಯಂತ್ರ ಒಂದೊಂದರ ಪೊರೆಯನ್ನೂ ಅಳೆದು ಅದು ಯಾವ ವರ್ಷ, ಯಾವ ವಾರದಲ್ಲಿ ಒಳಗೆ ಹೋಯಿತೆಂದು ಹೇಳುತ್ತದೆ. ಕಣದೊಳಗಿನ ಧಾತು ನೋಡಿ ಅದು ಅದಿರೋ, ಸಿಮೆಂಟೋ, ಡೀಸೆಲ್ ಹೊಗೆಯೋ, ಸೌದೆಯ ಬೂದಿಯೋ ಎಂದೂ ಹೇಳುತ್ತದೆ. ಕೊನೆಗೆ ಬಣ್ಣಬಣ್ಣದ ಪಟ್ಟಿಗಳ ಒಂದು ಹಾಳೆ. ಕಾರ್ಮಿಕರು ಅದನ್ನು ಎದೆ ಜಾತಕ ಎನ್ನುತ್ತಿದ್ದರು. ಊರಿನ ಜೋಯಿಸರ ಜಾತಕ ಮುಂದಿನದನ್ನು ಹೇಳಿದರೆ ಇದು ಹಿಂದಿನದನ್ನು ಹೇಳುತ್ತಿತ್ತು.

ವಿಶಾಲಾಕ್ಷಿ ಗಂಡನ ಜಾತಕವನ್ನು ಪರದೆಯ ಮೇಲೆ ತೆರೆದಳು. ಅದಿರಿನ ಕೆಂಪು ಪಟ್ಟಿ, ಗೂಡಿನ ಕರಿ ಪಟ್ಟಿ, ಅವಳು ಎಣಿಸಿದ್ದಷ್ಟೇ ಇದ್ದವು. ಆದರೆ ಕೊನೆಯ ನಾಲ್ಕು ವರ್ಷಗಳ ಜಾಗದಲ್ಲಿ ಹಳದಿಯ ಒಂದು ಗೆರೆ ಶುರುವಾಗಿ ಅಗಲವಾಗುತ್ತ ಹೋಗಿತ್ತು. ಸತು ಬೆರೆತ ಮಸಿ. ಅಂದರೆ ಸುಟ್ಟ ರಬ್ಬರು.

ಕ್ರೇನಿನ ಬಳಿ ರಬ್ಬರು ಸುಡುವುದಿಲ್ಲ. ಮನೆಯಲ್ಲಿ ಗ್ಯಾಸಿನ ಒಲೆ. ಅವಳಿಗೆ ತಟ್ಟನೆ ನೆನಪಾದದ್ದು ತವರಿನ ಅಡುಗೆಮನೆ. ಸೌದೆ ಹೊತ್ತಿಕೊಳ್ಳದ ದಿನ ಅವ್ವ ಹಳೇ ಸೈಕಲ್ ಟ್ಯೂಬಿನ ಒಂದು ತುಂಡನ್ನು ಒಲೆಗೆ ಇಡುತ್ತಿದ್ದಳು. ಕರ್ರಗೆ ಹೊಗೆ ಎದ್ದು ಕಣ್ಣು ಉರಿಯುತ್ತಿತ್ತು. ನಾಲ್ಕು ವರ್ಷದಿಂದ ನನ್ನ ಗಂಡ ಯಾರ ಒಲೆಯ ಮುಂದೆ ಕೂರುತ್ತಿದ್ದಾನೆ?

ಯಂತ್ರದಲ್ಲಿ 'ಹೋಲಿಕೆ' ಎಂಬ ಒಂದು ಸೌಲಭ್ಯವಿತ್ತು. ಒಂದೇ ಜಾಗದ ಗಾಳಿ ಕುಡಿದವರನ್ನು ಹುಡುಕಲು ಅದು. ಅಲ್ಲಿಯತನಕ ಕೇಂದ್ರದಲ್ಲಿ ಸಂಗ್ರಹವಾಗಿದ್ದ ಮುನ್ನೂರು ಚಿಲ್ಲರೆ ಜಾತಕಗಳಲ್ಲಿ ಆ ಹಳದಿ ಗೆರೆ ಇದ್ದದ್ದು ಇನ್ನೊಂದರಲ್ಲಿ ಮಾತ್ರ. ಅದೇ ವರ್ಷದ ಜೂನಿನಲ್ಲಿ ಶುರು, ಅಷ್ಟೇ ಅಗಲ. ಹೋಲಿಕೆ ನೂರಕ್ಕೆ ತೊಂಬತ್ತೆರಡು.

ಅರ್ಜಿ ತೆಗೆದು ನೋಡಿದಳು. ಹುಲಿಗೆಮ್ಮ, ವಯಸ್ಸು ನಲವತ್ತೊಂದು. ಕಾರ್ಖಾನೆಯ ಅದಿರಿನ ಅಂಗಳದಲ್ಲಿ ಕಸಗುಡಿಸುವ ಕೆಲಸ. ಗಂಡ ತೀರಿಕೊಂಡಿದ್ದಾನೆ. ಅಡುಗೆಗೆ: ಸೌದೆ ಒಲೆ.

ವಿಶಾಲಾಕ್ಷಿ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿ ಕೂತಳು. ಹಿಂದಿನ ವರ್ಷ ಯಂತ್ರ ಸರಿಹೊಂದಿಸುವಾಗ ತನ್ನದೇ ಮಾದರಿಯನ್ನು ಹಾಕಿದ್ದು ನೆನಪಾಯಿತು. ಅದನ್ನು ಪಂಪಾಪತಿಯದರ ಪಕ್ಕ ಇಟ್ಟು ಹೋಲಿಸಿದಳು. ಹತ್ತೊಂಬತ್ತು ವರ್ಷದ ಸಂಸಾರ, ಒಂದೇ ಕೋಣೆ, ಒಂದೇ ಸೊಳ್ಳೆಪರದೆ. ಹೋಲಿಕೆ ಮೂವತ್ತೊಂದು.

*

ಸಂಜೆ ಪಂಪಾಪತಿ ಬಂದು ಕೈಕಾಲು ತೊಳೆದು ರೊಟ್ಟಿಗೆ ಕೂತ. ಮಗಳು ಹೊಸಪೇಟೆಯ ಹಾಸ್ಟೆಲಿನಲ್ಲಿ ಓದುತ್ತಿದ್ದುದರಿಂದ ಮನೆಯಲ್ಲಿ ಇಬ್ಬರೇ. ಅವನು ಬಚ್ಚಲಿಗೆ ಹೋಗಿದ್ದಾಗ ವಿಶಾಲಾಕ್ಷಿ ಗೂಟಕ್ಕೆ ಹಾಕಿದ್ದ ಅಂಗಿಯನ್ನು ಮೂಗಿಗೆ ಹಿಡಿದಿದ್ದಳು. ಬೆವರು, ಗ್ರೀಸು, ಅದರ ಕೆಳಗೆ ಸಣ್ಣಗೆ ಸುಟ್ಟ ವಾಸನೆ. ಇಷ್ಟು ದಿನ ಅದನ್ನು ಕಾರ್ಖಾನೆಯ ವಾಸನೆ ಎಂದೇ ತಿಳಿದು ಒಗೆದಿದ್ದಳು.

"ಜಾತಕ ಬಂತೇನು ನಂದು?" ಎಂದು ಅವನು ಕೇಳಿದ.

"ಇನ್ನೂ ಇಲ್ಲ."

"ಕೆಟ್ಟದಿದ್ರೂ ಹೇಳಿಬಿಡು. ಮುಚ್ಚಿಡಬ್ಯಾಡ."

"ಮುಚ್ಚಿಡೋದು ನನಗೆಲ್ಲಿ ಬರ್ತೈತಿ," ಎಂದಳು.

ಅವನು ತಲೆಯೆತ್ತಿ ಅವಳನ್ನು ನೋಡಿದ. ಮತ್ತೆ ರೊಟ್ಟಿ ಮುರಿದ. ಅವನು ಮಾತು ಕಡಿಮೆಯ ಮನುಷ್ಯ. ಮದುವೆಯಾದ ಹೊಸತರಲ್ಲಿ ಅದನ್ನು ಅವಳು ಗಾಂಭೀರ್ಯ ಎಂದುಕೊಂಡಿದ್ದಳು, ಆಮೇಲೆ ದಣಿವು ಎಂದುಕೊಂಡಿದ್ದಳು. ಆ ಸಂಜೆ ಅವಳಿಗೆ ಹೊಳೆದದ್ದು ಬೇರೆ: ಮಾತೆಲ್ಲ ಇನ್ನೊಂದು ಕಡೆ ಖರ್ಚಾಗಿ ಮನೆಗೆ ಬರುವಷ್ಟರಲ್ಲಿ ಮುಗಿದಿರುತ್ತದೆ.

*

ಹುಲಿಗೆಮ್ಮ ಶುಕ್ರವಾರ ವರದಿಗೆ ಬಂದಳು. ಎತ್ತರದ ಹೆಂಗಸು. ಹಣೆಯ ಕುಂಕುಮ ಬಿಟ್ಟಿರಲಿಲ್ಲ. ಮೆಟ್ಟಿಲು ಹತ್ತಿ ಬಂದವಳು ಮೇಜಿನ ಅಂಚು ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ನಿಂತು, ಉಸಿರು ಹಿಂತಿರುಗಿದ ಮೇಲೆ ಮಾತಾಡಿದಳು.

"ನೀವು ಪಂಪಾಪತಿಯವರ ಮನಿಯವರಲ್ರಿ? ನಿಮಗ ತಲಿನೋವು ಭಾಳಂತ. ಈಗ ಹೆಂಗೈತ್ರಿ?"

ವಿಶಾಲಾಕ್ಷಿಯ ಅರೆತಲೆನೋವು ಮನೆಯ ಹೊರಗೆ ಯಾರಿಗೂ ಗೊತ್ತಿರಲಿಲ್ಲ. ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ನಸ್ರೀನ್‌ಗೂ ಅವಳು ಹೇಳಿರಲಿಲ್ಲ. ನೋವು ಬಂದ ದಿನ ಬಾಗಿಲು ಹಾಕಿಕೊಂಡು ಕತ್ತಲಲ್ಲಿ ಮಲಗುತ್ತಿದ್ದಳು, ಅದನ್ನು ನೋಡುತ್ತಿದ್ದವನು ಒಬ್ಬನೇ.

"ಆರಾಮೈತಿ," ಎಂದಳು.

"ನನ್ನ ಸರತಿ ಯಾವಾಗ ಬರ್ತೈತ್ರಿ, ತೊಳ್ಯಾಕ?"

ಕೇಂದ್ರದಲ್ಲಿ ಪುಪ್ಪುಸ ತೊಳೆಯುವ ಆರು ಹಾಸಿಗೆಗಳಿದ್ದವು. ಅರಿವಳಿಕೆ ಕೊಟ್ಟು, ಒಂದು ಪುಪ್ಪುಸ ಉಸಿರಾಡುತ್ತಿರುವಾಗ ಇನ್ನೊಂದನ್ನು ಉಪ್ಪುನೀರಿನಿಂದ ತೊಳೆಯುವ ಚಿಕಿತ್ಸೆ. ತೊಳೆಸಿಕೊಂಡವರು ಹೊಸ ಮನುಷ್ಯರಾಗುತ್ತಿರಲಿಲ್ಲ. ಆದರೆ ನಾಲ್ಕು ಹೆಜ್ಜೆಗೆ ಕೂರುತ್ತಿದ್ದವರು ನಲವತ್ತು ಹೆಜ್ಜೆ ನಡೆಯುತ್ತಿದ್ದರು. ಉಸಿರಿನ ಬಲ ನೂರಕ್ಕೆ ನಲವತ್ತಕ್ಕಿಂತ ಇಳಿದವರಿಗೆ ಮಾತ್ರ ಅದು ಇಲ್ಲ, ಅರಿವಳಿಕೆಯಿಂದ ಅವರು ಏಳುವ ಭರವಸೆಯಿಲ್ಲ. ಹುಲಿಗೆಮ್ಮನ ಬಲ ನಲವತ್ತಾರು ಇತ್ತು. ಮುಂದಿನ ಪಟ್ಟಿಯಲ್ಲಿ ಅವಳ ಹೆಸರು ಮೂರನೆಯದಾಗಬೇಕಿತ್ತು.

ವಿಶಾಲಾಕ್ಷಿ ಕಂಪ್ಯೂಟರಿನ ಕಡೆ ತಿರುಗಿದಳು. ಅವಳ ಬೆರಳು ಒಂದು ಗಳಿಗೆ ನಿಂತಿತ್ತು ಎಂದು ಆಮೇಲೆ ಅವಳು ತನಗೆ ತಾನೇ ಒಪ್ಪಿಕೊಂಡಳು. ಯೋಚನೆ ಮಾಡಲು ಅಷ್ಟು ಸಮಯ ಸಿಕ್ಕಿತ್ತು. ನಂತರ ಹುಲಿಗೆಮ್ಮನ ವರದಿಯ ಮುಂದೆ 'ಮಾದರಿ ಸಾಲದು' ಎಂದು ಬರೆದಳು.

"ನಿಮ್ಮ ಮಾದರಿ ಸರಿಯಾಗಿ ಬಂದಿಲ್ಲ. ಇನ್ನೊಮ್ಮೆ ತೆಗೀಬೇಕು. ಮೂರು ತಿಂಗಳು ಬಿಟ್ಟು ಬರ್ರಿ."

"ಮೂರು ತಿಂಗಳೇನ್ರಿ?"

"ಎದಿ ತಡೀಬೇಕಲ್ಲ. ನಿಯಮ ಐತಿ."

ನಿಯಮವೇನೋ ಇತ್ತು. ಹುಲಿಗೆಮ್ಮ ಚೀಟಿ ಮಡಿಸಿ ಕುಪ್ಪಸದಲ್ಲಿ ಸೇರಿಸಿಕೊಂಡು, ತೊಂದರಿ ಕೊಟ್ಟೆ ಎಂದು ಹೇಳಿ, ಗೋಡೆ ಹಿಡಿದುಕೊಂಡು ಮೆಟ್ಟಿಲು ಇಳಿದಳು. ವಿಶಾಲಾಕ್ಷಿ ಕಿಟಕಿಯಿಂದ ನೋಡಿದಳು. ಕೆಳಗೆ ಹೋಗುವುದರೊಳಗೆ ಹುಲಿಗೆಮ್ಮ ಎರಡು ಸಲ ನಿಂತಳು. ಪಾಪ ಎನ್ನಿಸಲಿಲ್ಲ. ಎದೆಯಲ್ಲಿ ಏನೋ ತಣ್ಣಗಾದಂತಾಯಿತು. ಆ ತಂಪು ಮಧ್ಯಾಹ್ನದ ಊಟದವರೆಗೂ ಉಳಿಯಲಿಲ್ಲ.

*

ಅಲ್ಲಿಂದ ಎರಡು ತಿಂಗಳು ಅವಳಿಗೆ ಇದೇ ಕೆಲಸ. ಗಂಡ ಹತ್ತು ನಿಮಿಷ ತಡವಾಗಿ ಬಂದರೆ ಲೆಕ್ಕ ಹಾಕುವಳು. ಬೇಗ ಬಂದರೆ ಏನಾಯಿತೋ ಜಗಳ ಎಂದುಕೊಳ್ಳುವಳು. ಅವನು ಪಲ್ಯ ಚೆನ್ನಾಗಿದೆ ಎಂದರೆ ಯಾವುದಕ್ಕೆ ಹೋಲಿಸಿ ಹೇಳಿದ ಎಂಬ ಪ್ರಶ್ನೆ. ಬಿಡುವಾದಾಗ ಯಂತ್ರದ ಮುಂದೆ ಕೂತು ಎರಡು ಹಳದಿ ಗೆರೆಗಳನ್ನು ಒಂದರ ಮೇಲೊಂದು ಇಟ್ಟು ನೋಡುವಳು. ಎರಡು ವರ್ಷದ ಹಿಂದೆ, ಅವಳು ಬಾವಿಕಟ್ಟೆಯಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡ ಶ್ರಾವಣದಲ್ಲಿ, ಗಂಡನ ಗೆರೆ ಹದಿನೈದು ದಿನ ಕಡಿದುಹೋಗಿತ್ತು. ಆಗ ಅವನು ರಜೆ ಹಾಕಿ ಮನೆಯಲ್ಲಿದ್ದ. ಹುಲಿಗೆಮ್ಮನ ಗೆರೆ ಕಡಿದಿರಲಿಲ್ಲ. ಬರಲಿಲ್ಲವಲ್ಲ ಎಂದು ಅವಳು ಕಾದಿರಬೇಕು. ಅದನ್ನು ಊಹಿಸಿಕೊಂಡಾಗಲೂ ವಿಶಾಲಾಕ್ಷಿಗೆ ಸಿಟ್ಟೇ ಬಂತು.

ಕೇಳಿಬಿಡಬಹುದಿತ್ತು. ಆದರೆ ಕೇಳಿದರೆ ಅವನು ಇಲ್ಲ ಎನ್ನುತ್ತಾನೆ, ಆ ಇಲ್ಲವನ್ನು ನಂಬಲು ಆಗುವುದಿಲ್ಲ. ಅಥವಾ ಹೌದು ಎನ್ನುತ್ತಾನೆ. ಎರಡಕ್ಕೂ ಅವಳಲ್ಲಿ ಧೈರ್ಯವಿರಲಿಲ್ಲ. ಕಣ್ಣಾರೆ ನೋಡುವುದೇ ಸರಿ ಎನ್ನಿಸಿತು.

ಕೇಂದ್ರದಲ್ಲಿ ಗಾಳಿ ಹೀರುವ ಸಣ್ಣ ಪೆಟ್ಟಿಗೆಗಳಿದ್ದವು. ಊರಿನ ಬೇರೆ ಬೇರೆ ಕಡೆ ಇಟ್ಟು ಧೂಳು ಹಿಡಿಯಲು ಅವು. ಕಾರ್ಖಾನೆಯ ಬಸ್ಸಿನ ಗಾಳಿ ನೋಡಬೇಕೆಂದು ಡಾಕ್ಟರ್ ನಸ್ರೀನ್‌ಗೆ ಹೇಳಿ ಒಂದು ಪೆಟ್ಟಿಗೆ ತೆಗೆದುಕೊಂಡಳು. ಅದು ನೆಪ. ಗಂಡ ನಡುದಾರಿಯಲ್ಲಿ ಬಸ್ಸಿಳಿದು ಯಾವ ಓಣಿಗೆ ಹೋಗುತ್ತಾನೆ ಎಂದು ನೋಡುವುದು ಅವಳ ಉದ್ದೇಶ. ಹುಲಿಗೆಮ್ಮನ ಮನೆ ಕಾರ್ಖಾನೆಯ ದಾರಿಯಲ್ಲೇ ಇತ್ತು.

ಬೆಳಗಿನ ಪಾಳಿಯ ಬಸ್ಸು ಆರೂವರೆಗೆ ಊರು ಬಿಡುತ್ತಿತ್ತು. ಗಂಡ ಸ್ನಾನಕ್ಕೆ ಹೋದಾಗ ಕೆಲಸ ಬೇಗ ಇದೆ ಎಂದು ಕೂಗಿ ಹೇಳಿ, ಮಗಳ ಹಳೇ ಚೂಡಿದಾರ ಹಾಕಿ, ಮುಖಕ್ಕೆಲ್ಲ ದುಪಟ್ಟಾ ಸುತ್ತಿಕೊಂಡು, ಒಂದು ನಿಲ್ದಾಣ ಹಿಂದೆ ನಡೆದುಹೋಗಿ ಹತ್ತಿದಳು. ಆ ಬಸ್ಸಿನಲ್ಲಿ ಮೂಗು ಬಾಯಿ ಕಟ್ಟಿಕೊಳ್ಳದವರು ಯಾರೂ ಇರಲಿಲ್ಲ. ಕೊನೆಯ ಸಾಲಿನಲ್ಲಿ ಕೂತ ಅವಳನ್ನು ಯಾರೂ ತಿರುಗಿ ನೋಡಲಿಲ್ಲ.

ಮುಂದಿನ ನಿಲ್ದಾಣದಲ್ಲಿ ಪಂಪಾಪತಿ ಹತ್ತಿದ. ನಡುವಿನ ಒಂದು ಸೀಟಿನಲ್ಲಿ, ಕಿಟಕಿಯ ಪಕ್ಕ ಕೂತು, ಜೊತೆಯ ಜಾಗದ ಮೇಲೆ ಬುತ್ತಿಚೀಲ ಇಟ್ಟ. ಊರು ದಾಟಿದ ಮೇಲೆ ಹುಲಿಗೆಮ್ಮ ಹತ್ತಿದಳು. ಅವನು ಚೀಲ ತೆಗೆದು ಕಾಲ ಮೇಲೆ ಇಟ್ಟುಕೊಂಡ. ಅವಳು ಕೂತಳು. ದಿನವೂ ಹೀಗೇ ಎನ್ನುವಂತಿತ್ತು.

ಅರ್ಧ ದಾರಿಗೆ ರೈಲ್ವೆ ಗೇಟು. ಅದಿರಿನ ಗೂಡ್ಸ್ ಬರುವ ಹೊತ್ತು, ಗೇಟು ಹಾಕಿತ್ತು. ಬಸ್ಸು ನಿಂತ ಕೂಡಲೇ ಒಳಗಿನವರೆಲ್ಲ ಮುಖದ ಬಟ್ಟೆಯನ್ನು ಬಿಗಿ ಮಾಡಿಕೊಂಡರು. ಗೇಟಿನ ಎಡಕ್ಕೆ ತಗಡಿನ ಒಂದು ಉದ್ದನೆಯ ಶೆಡ್ಡು. ಅದರ ಗಿಡ್ಡ ಚಿಮಣಿಯಿಂದ ದಪ್ಪನೆಯ ಕರಿ ಹೊಗೆ ಹೊರಬಂದು, ಮೇಲೇಳದೆ, ನೆಲದ ಮೇಲೆ ತೆವಳಿಕೊಂಡು ಬಸ್ಸಿನ ಕಡೆ ಬರುತ್ತಿತ್ತು. ಆ ವಾಸನೆ ವಿಶಾಲಾಕ್ಷಿಗೆ ಗೊತ್ತಿತ್ತು. ಗಂಡನ ಅಂಗಿಯಲ್ಲಿದ್ದದ್ದು, ಅವ್ವನ ಒಲೆಯಲ್ಲಿದ್ದದ್ದು.

"ಏನವ್ವ ಅದು?" ಎಂದು ಪಕ್ಕದ ಮುದುಕಿಯನ್ನು ಕೇಳಿದಳು.

"ಹಳೇ ಟೈರು ಸುಟ್ಟು ಎಣ್ಣಿ ತಗಿತಾರ. ನಾಕು ವರ್ಷ ಆತು ನೋಡು ಇದು ಬಂದು. ಗೇಟ್ ಬಿದ್ದಿತಂದ್ರ ಇಪ್ಪತ್ತು ನಿಮಿಷ ಇದನ್ನ ಕುಡೀಬೇಕು. ಹೋಗಾಗ ಒಮ್ಮಿ, ಬರಾಗ ಒಮ್ಮಿ."

ಚೀಲದೊಳಗೆ ಪೆಟ್ಟಿಗೆ ಸಣ್ಣಗೆ ಗುಂಯ್‌ಗುಡುತ್ತಿತ್ತು. ಪರೀಕ್ಷೆ ಮಾಡಬೇಕಾಗಿಯೇ ಇರಲಿಲ್ಲ. ಯಾವ ಅಡುಗೆಮನೆಯೂ ಇಲ್ಲ, ಯಾವ ಒಲೆಯೂ ಇಲ್ಲ. ಅವಳಿಗೆ ಒಮ್ಮೆಗೇ ಬೇರೆ ಲೆಕ್ಕಗಳೂ ಹೊಳೆದವು. ದಿನಕ್ಕೆರಡು ಹೊತ್ತು ಒಲೆ ಊದುವವಳ ಗೆರೆ ಬಂದುಹೋಗುವವನ ಗೆರೆಗಿಂತ ಹತ್ತು ಪಟ್ಟು ಅಗಲವಿರಬೇಕಿತ್ತು. ಹುಲಿಗೆಮ್ಮನಲ್ಲಿ ಸೌದೆ ಬೂದಿಯ ಬಿಳಿ ಪಟ್ಟಿ ಸ್ಪಷ್ಟವಾಗಿತ್ತು, ಪಂಪಾಪತಿಯಲ್ಲಿ ಅದರ ಚೂರೂ ಇರಲಿಲ್ಲ. ಎರಡು ತಿಂಗಳು ದಿನವೂ ನೋಡಿದ ಹಾಳೆ. ಹೊಸದಾಗಿ ಕೆಲಸಕ್ಕೆ ಸೇರಿದವರೂ ಕಾಣುವಂಥದ್ದು ಅವಳಿಗೆ ಕಂಡಿರಲಿಲ್ಲ.

ಹಗುರಾಗಬೇಕಿತ್ತು. ಆಗಲೇ ಅವಳ ಕಣ್ಣು ಆ ಸೀಟಿಗೆ ಹೋಯಿತು. ಪಂಪಾಪತಿಯ ಪಕ್ಕದ ಕಿಟಕಿಗೆ ಗಾಜಿರಲಿಲ್ಲ. ಅವನು ಹೆಗಲ ಮೇಲಿನ ಟವೆಲನ್ನು ಬಿಡಿಸಿ ಎರಡೂ ಕೈಯಿಂದ ಕಿಟಕಿಗೆ ಅಡ್ಡ ಹಿಡಿದುಕೊಂಡು ಕೂತಿದ್ದ. ಹೊಗೆ ಮೊದಲು ತಾಗುತ್ತಿದ್ದದ್ದು ಅವನ ಮುಖಕ್ಕೆ. ಹುಲಿಗೆಮ್ಮ ಬಗ್ಗಿ ಕೆಮ್ಮುತ್ತಿದ್ದಳು. ಕೆಮ್ಮು ನಿಂತ ಮೇಲೆ ಅವಳು ಏನೋ ಹೇಳಿದಳು. ಪಂಪಾಪತಿ ನಕ್ಕ. ಆಮೇಲೆ ಅವನು ಮಾತಾಡತೊಡಗಿದ. ಗೂಡ್ಸಿನ ಡಬ್ಬಿಗಳು ಒಂದರ ಹಿಂದೊಂದು ದಾಟುತ್ತಿದ್ದವು, ಅವನು ಮಾತಾಡುತ್ತಲೇ ಇದ್ದ, ಕೈ ಕಿಟಕಿಯ ಮೇಲಿದ್ದುದರಿಂದ ಗದ್ದದಿಂದ ಏನನ್ನೋ ತೋರಿಸುತ್ತ. ಅವಳು ಕೇಳುತ್ತಿದ್ದಳು. ಅವಳ ಬಾಯಿಂದ ಒಂದು ಸಲವಾದರೂ 'ಅಣ್ಣಾ' ಎಂಬ ಮಾತು ಬರಲಿ ಎಂದು ವಿಶಾಲಾಕ್ಷಿ ಕಿವಿಗೊಟ್ಟು ಕಾದಳು. ಬರಲಿಲ್ಲ.

ಒಲೆ ಇದ್ದಿದ್ದರೆ ವಾಸಿ ಇತ್ತು ಎಂದು ಅವಳಿಗೆ ಅನ್ನಿಸಿತು. ಒಲೆ ಇದ್ದಿದ್ದರೆ ಬೈಯಬಹುದಿತ್ತು.

*

ಪೆಟ್ಟಿಗೆಯ ಧೂಳು ಯಂತ್ರಕ್ಕೆ ಹೋಯಿತು. ಹಳದಿ ಗೆರೆಗೂ ಅದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಡಾಕ್ಟರ್ ನಸ್ರೀನ್ ಆ ಬಸ್ಸಿನಲ್ಲಿ ಓಡಾಡುವ ಎಲ್ಲರ ಮಾದರಿಯನ್ನೂ ತರಿಸಿದರು. ಮೂವತ್ತೇಳು ಜನರಲ್ಲಿ ಮೂವತ್ತನಾಲ್ಕು ಜನರ ಎದೆಯಲ್ಲಿ ಟೈರಿನ ಮಸಿ ಕೂತಿತ್ತು.

"ಭೇಷ್ ವಿಶಾಲಾಕ್ಷಿ. ಬಸ್ಸು ನಿಮಗೆ ಹೇಗೆ ಹೊಳೀತು?" ಎಂದು ಡಾಕ್ಟರ್ ಕೇಳಿದರು.

"ಸುಮ್ನೆ ಹೊಳೀತು ಮೇಡಂ."

ಹುಲಿಗೆಮ್ಮನ ಮರುಪರೀಕ್ಷೆಯನ್ನು ಅವಳು ನಿಯಮ ಮುರಿದು ಎರಡು ವಾರ ಮುಂಚೆಯೇ ಇಡಿಸಿದಳು. ಸದ್ದಿಲ್ಲದೆ ಎಲ್ಲವನ್ನೂ ಸರಿಮಾಡಿಬಿಡಬೇಕೆಂಬ ಆಸೆ. ಹುಲಿಗೆಮ್ಮ ಬಂದು ಊದುಕೊಳವೆಗೆ ಊದಿದಳು. ಇನ್ನೊಮ್ಮೆ ಊದಿರಿ ಎಂದಳು ವಿಶಾಲಾಕ್ಷಿ. ಮತ್ತೊಮ್ಮೆ. ಮೂರು ಸಲವೂ ಅಷ್ಟೇ ಬಂತು. ನೂರಕ್ಕೆ ಮೂವತ್ತೇಳು.

"ಏನಂತೈತ್ರಿ?" ಎಂದು ಹುಲಿಗೆಮ್ಮ ಕೇಳಿದಳು.

"ಡಾಕ್ಟರು ಹೇಳ್ತಾರ," ಎಂದು ವಿಶಾಲಾಕ್ಷಿ ಎದ್ದು ಹೊರಗೆ ಹೋದಳು.

ಡಾಕ್ಟರ್ ಹೇಳಿದರು. ತೊಳೆಯಲು ಇನ್ನು ಆಗದು, ಕೆಲಸ ಬಿಡಬೇಕು, ಮನೆಯಲ್ಲಿ ಆಮ್ಲಜನಕದ ಯಂತ್ರ ಇಟ್ಟುಕೊಳ್ಳಬೇಕು. ಹುಲಿಗೆಮ್ಮ ಎಲ್ಲಕ್ಕೂ ತಲೆಯಾಡಿಸಿ, ಸೌದೆ ಒಲೆ ಊದಬಹುದೋ ಇಲ್ಲವೋ ಎಂದಷ್ಟೇ ಕೇಳಿದಳಂತೆ. ಆ ದಿನ ವಿಶಾಲಾಕ್ಷಿಗೆ ಅರೆತಲೆನೋವು ಬಂತು. ಗಂಡ ಬಾಗಿಲು ಸರಿಸಿ, ನೀರಿನ ಚೊಂಬು ಇಟ್ಟು, ಮತ್ತೆ ಸದ್ದಾಗದಂತೆ ಬಾಗಿಲು ಎಳೆದುಕೊಂಡು ಹೋದ. ಇವನು ಇದನ್ನೂ ನಾಳೆ ಬಸ್ಸಿನಲ್ಲಿ ಹೇಳುತ್ತಾನೆ ಎಂದುಕೊಂಡಳು. ಮರುಗಳಿಗೆಗೆ ನೆನಪಾಯಿತು, ನಾಳೆಯಿಂದ ಅವನ ಪಕ್ಕದ ಸೀಟು ಖಾಲಿ. ಅದರಿಂದ ಸಮಾಧಾನವಾಯಿತು. ಸಮಾಧಾನವಾದದ್ದು ಗೊತ್ತಾಗಿ ತನ್ನ ಮೇಲೆಯೇ ಹೇಸಿಗೆಯಾಯಿತು. ಯಾರಿಗೂ ಏನೂ ಹೇಳಲಿಲ್ಲ.

*

ಶೆಡ್ಡಿನ ವಿಚಾರಣೆ ನಡೆದದ್ದು ತಾಲ್ಲೂಕು ಕಚೇರಿಯ ಸಭಾಂಗಣದಲ್ಲಿ. ಬಸ್ಸಿನವರೆಲ್ಲ ಬಂದಿದ್ದರು. ಹುಲಿಗೆಮ್ಮ ಮುಂದಿನ ಸಾಲಿನಲ್ಲಿ, ಮೂಗಿಗೆ ನಳಿಕೆ, ಕಾಲ ಬಳಿ ಸಿಲಿಂಡರು. ಅವಳ ತಂಗಿ ಪಕ್ಕದಲ್ಲಿದ್ದಳು. ಪಂಪಾಪತಿ ಹಿಂದೆ ಗೋಡೆಗೆ ಒರಗಿ ನಿಂತಿದ್ದ.

ಶೆಡ್ಡಿನವರ ವಕೀಲ ಜಾಣ. ಅವನು ಕೂಗಾಡಲಿಲ್ಲ. ಒಂದು ಹಾಳೆ ಎತ್ತಿಹಿಡಿದ.

"ಈ ಟೈರಿನ ಗೆರೆ ಇರುವ ಎಲ್ಲಕ್ಕಿಂತ ಹಳೇ ಮಾದರಿ ಹುಲಿಗೆಮ್ಮ ಎಂಬುವರದು. ಸರೀನಾ ಡಾಕ್ಟ್ರೇ?"

"ಹೌದು," ಎಂದರು ಡಾಕ್ಟರ್ ನಸ್ರೀನ್.

"ಆ ಮಾದರಿ ಸಾಲದು ಅಂತ ನಿಮ್ಮ ಕೇಂದ್ರವೇ ಬರೆದಿದೆ. ಸಾಲದ ಮಾದರಿಯಲ್ಲಿ ನಿಮ್ಮ ಯಂತ್ರ ನಾಲ್ಕು ವರ್ಷದ ಚರಿತ್ರೆ ಓದುತ್ತೆ ಅಂದರೆ, ಇಲ್ಲದ್ದನ್ನೂ ಓದುತ್ತೆ ಅಂತಾಯಿತು. ಉಳಿದ ಮೂವತ್ತಮೂರು ಜಾತಕಗಳನ್ನು ನಾವು ಯಾಕೆ ನಂಬಬೇಕು?"

ಡಾಕ್ಟರ್ ನಸ್ರೀನ್ ಹಾಳೆ ನೋಡಿದರು. ಅವರು ಅದನ್ನು ಮೊದಲ ಸಲ ನೋಡುತ್ತಿದ್ದರು. ವಿಚಾರಣಾಧಿಕಾರಿ ಬರೆಯುವುದನ್ನು ನಿಲ್ಲಿಸಿ ಕಾದ. ಸಭೆಯಲ್ಲಿ ಯಾರೋ ಕೆಮ್ಮಿದರು, ಅವರ ಹಿಂದೆ ನಾಲ್ಕೈದು ಜನ.

ವಿಶಾಲಾಕ್ಷಿಗೆ ಸುಮ್ಮನಿರುವ ದಾರಿ ಇತ್ತು. ಕಣ್ತಪ್ಪಿನಿಂದ ಆಯಿತು ಎನ್ನಬಹುದಿತ್ತು. ಹಾಗೆಂದರೆ ಯಂತ್ರದ ಮೇಲಿನ ಸಂಶಯ ಹೋಗುತ್ತಿರಲಿಲ್ಲ, ಆದರೆ ಅವಳ ಮರ್ಯಾದೆ ಉಳಿಯುತ್ತಿತ್ತು. ಅವಳು ಎದ್ದು ನಿಂತಳು.

"ಅದನ್ನ ಬರೆದಾಕಿ ನಾನು ಸರ್. ಮಾದರಿ ಸರಿ ಇತ್ತು. ಕಣಗಳ ಎಣಿಕಿ ಯಂತ್ರದಾಗ ಇವತ್ತಿಗೂ ಐತಿ, ಬೇಕಿದ್ರ ತಗಸಿ ನೋಡ್ರಿ. ಯಂತ್ರದ ತಪ್ಪಲ್ಲ. ನಾನು ಸುಳ್ಳು ಬರದೆ."

"ಸುಳ್ಳು ಬರೆದಿರಾ? ಯಾಕೆ?" ಎಂದ ವಿಚಾರಣಾಧಿಕಾರಿ.

ಅವಳು ಹಿಂದಿನ ಗೋಡೆಯ ಕಡೆ ನೋಡಲಿಲ್ಲ.

"ನನ್ನ ಗಂಡನ ಜಾತಕದಾಗೂ ಅದೇ ಗೆರೆ ಇತ್ತು. ಇಬ್ಬರದೂ ಒಂದೇ ನಮೂನಿ. ನಾನು ಬ್ಯಾರೆ ತಿಳಕೊಂಡೆ. ಹೊಟ್ಟಿಕಿಚ್ಚಿಗೆ ಬರದೆ. ಆಗ ಅವರ ಬಲ ನಲವತ್ತಾರಿತ್ತು. ತೊಳಸೋ ಸರತಿ ಅವರದಿತ್ತು. ನಾನು ತಪ್ಪಿಸಿದೆ."

ವಕೀಲ ಎತ್ತಿಹಿಡಿದಿದ್ದ ಹಾಳೆಯನ್ನು ಮೇಜಿನ ಮೇಲಿಟ್ಟ. ಹುಲಿಗೆಮ್ಮನ ತಂಗಿ ಎದ್ದು ಬಾಯಿಗೆ ಬಂದಂತೆ ಬೈಯತೊಡಗಿದಳು. ಹುಲಿಗೆಮ್ಮ ಅವಳ ಸೆರಗು ಹಿಡಿದು ಕೂರಿಸಿದಳು. ವಿಶಾಲಾಕ್ಷಿ ನಿಂತೇ ಇದ್ದಳು, ಕೂತುಕೊಳ್ಳಿ ಎಂದು ಯಾರೂ ಹೇಳಲಿಲ್ಲ.

ಎಣಿಕೆ ತೆಗೆಸಿ ನೋಡಿದರು. ಮಾದರಿ ಬೇಕಾದ್ದಕ್ಕಿಂತ ಎರಡು ಪಟ್ಟು ಇತ್ತು. ಮೂವತ್ತನಾಲ್ಕು ಜಾತಕಗಳೂ ಸಾಕ್ಷ್ಯವಾಗಿ ದಾಖಲಾದವು. ಆ ವಾರವೇ ಶೆಡ್ಡಿನ ಬಾಗಿಲಿಗೆ ಸೀಲು ಬಿತ್ತು. ವಿಶಾಲಾಕ್ಷಿಯನ್ನು ವಿಚಾರಣೆಯ ದಿನ ಸಂಜೆಯೇ ಅಮಾನತು ಮಾಡಿದರು. ಆದೇಶಕ್ಕೆ ಸಹಿ ಹಾಕುವಾಗ ಡಾಕ್ಟರ್ ನಸ್ರೀನ್ ಮುಖ ಎತ್ತಲಿಲ್ಲ.

ಸಭೆ ಮುಗಿದಾಗ ಹುಲಿಗೆಮ್ಮ ಹೊರಗಿನ ಕಟ್ಟೆಯ ಮೇಲೆ ಕೂತಿದ್ದಳು. ತಂಗಿ ಆಟೋ ತರಲು ಹೋಗಿದ್ದಳು. ವಿಶಾಲಾಕ್ಷಿ ಹತ್ತಿರ ಹೋಗಿ ನಿಂತಳು. ಕಾಲಿಗೆ ಬೀಳಬೇಕೋ, ಬಿದ್ದರೆ ನಾಟಕವಾದೀತೋ, ತಿಳಿಯಲಿಲ್ಲ.

"ಕುಂದರ್ರಿ," ಎಂದಳು ಹುಲಿಗೆಮ್ಮ. "ತಲಿ ಎತ್ತಿ ಮಾತಾಡಾಕ ನನಗ ಉಸಿರು ಸಾಲಂಗಿಲ್ಲ."

ವಿಶಾಲಾಕ್ಷಿ ಕೂತಳು.

"ಅವತ್ತು ತೊಳಸಿದ್ರ ಆರಾಮಾಗ್ತಿದ್ನೇನ್ರಿ?"

"ಗ್ಯಾರಂಟಿ ಹೇಳಾಕ ಆಗಂಗಿಲ್ಲ. ಇನ್ನೊಂದು ನಾಕೈದು ವರ್ಷ ನಡಕೊಂಡು ಓಡಾಡ್ತಿದ್ರಿ."

ಹುಲಿಗೆಮ್ಮ ಮೂಗಿನ ನಳಿಕೆಯನ್ನು ಸರಿಮಾಡಿಕೊಂಡಳು. ನಳಿಕೆಯಲ್ಲಿ ಗಾಳಿ ಸುಯ್ಯೆನ್ನುತ್ತಿತ್ತು.

"ಏನೂ ಇರಲಿಲ್ಲ ಅಂತ ನನ್ನ ಬಾಯಾಗ ಕೇಳಬೇಕಂತ ಬಂದೀರಿ ನೀವು," ಎಂದಳು ಆಮೇಲೆ. "ಹೌದಲ್ರಿ?"

ವಿಶಾಲಾಕ್ಷಿ ಇಲ್ಲ ಎನ್ನಲು ಹೋದಳು. ಆಗಲಿಲ್ಲ.

"ಹೇಳಂಗಿಲ್ಲ ನಾನು. ಇತ್ತು ಅಂತನೂ ಹೇಳಂಗಿಲ್ಲ. ಗೇಟ್ ಹಾಕಿದಾಗಿನ ಇಪ್ಪತ್ತು ನಿಮಿಷ, ದಿನಕ್ಕೆರಡು ಸಲ. ಮನ್ಯಾಗ ಯಾರೂ ಇಲ್ಲ ನನಗ, ಕೆಲಸದಾಗ ಕಸಬರಿಗಿ ಬಿಟ್ರ ಮಾತಿಲ್ಲ. ಅಷ್ಟ ಇತ್ತು ನನ್ನದು ಅಂತ. ನಾಕೈದು ವರ್ಷ ನೀವು ತಗೊಂಡ್ರಿ, ತಗೊಳ್ರಿ. ಅದನ್ನೂ ಕೇಳಬ್ಯಾಡ್ರಿ."

ಆಟೋ ಬಂತು. ಸಿಲಿಂಡರು ಎತ್ತಲು ವಿಶಾಲಾಕ್ಷಿ ಕೈ ಚಾಚಿದಳು. ತಂಗಿ ಅದನ್ನು ಕಿತ್ತುಕೊಂಡಳು.

*

ಮನೆಗೆ ಗಂಡ ಹೆಂಡತಿ ಒಟ್ಟಿಗೇ ನಡೆದು ಬಂದರು. ಪಂಪಾಪತಿ ಚಪ್ಪಲಿ ಬಿಟ್ಟು ಜಗುಲಿಯ ಮೇಲೆ ಕೂತವನು ಒಳಗೆ ಬರಲಿಲ್ಲ. ವಿಶಾಲಾಕ್ಷಿ ಬಾಗಿಲಲ್ಲಿ ನಿಂತಳು.

"ನನ್ನ ಕೇಳಬಹುದಿತ್ತು ನೀನು," ಎಂದ.

"ಕೇಳಿದ್ರ ಏನಂತಿದ್ರಿ?"

ಎದುರು ಮನೆಯವರು ಬಟ್ಟೆ ತೆಗೆದುಕೊಂಡು ಒಳಗೆ ಹೋದರು.

"ಗೊತ್ತಿಲ್ಲ," ಎಂದ. "ಇಲ್ಲ ಅಂತಿದ್ದೆ ಅನ್ನಸ್ತದ. ಆದ್ರ ನೀ ಕೇಳಿದ ಮ್ಯಾಲೆ ಆ ಸೀಟಿನ್ಯಾಗ ಕುಂದರಾಕ ನನಗ ಆಗ್ತಿದ್ದಿಲ್ಲ."

ಅವನು ಸುಳ್ಳು ಹೇಳುತ್ತಿಲ್ಲ ಎಂಬುದು ಅವಳಿಗೆ ತಿಳಿಯಿತು. ತನ್ನ ಹೊಟ್ಟೆಯ ಉರಿ ಹಾಗೇ ಇದೆ ಎಂಬುದೂ ತಿಳಿಯಿತು. ಅದಕ್ಕೆ ಈಗ ಯಾವ ಸಾಕ್ಷಿಯೂ ಬೇಕಾಗಿರಲಿಲ್ಲ.

ಹುಲಿಗೆಮ್ಮ ಹದಿನಾಲ್ಕು ತಿಂಗಳು ಬದುಕಿದಳು. ಪಂಪಾಪತಿ ಪ್ರತಿ ಭಾನುವಾರ ಅವಳ ಮನೆಗೆ ಹೋಗುತ್ತಿದ್ದ. ಹೋಗುವ ಮುಂಚೆ, "ಹುಲಿಗೆಮ್ಮನ ಕಡಿ ಹೋಗಿ ಬರ್ತೀನಿ," ಎಂದು ಹೇಳುತ್ತಿದ್ದ. "ಹ್ಞೂಂ," ಎನ್ನುತ್ತಿದ್ದಳು ವಿಶಾಲಾಕ್ಷಿ. ಅವನು ಓಣಿ ತಿರುಗುವವರೆಗೂ ಅವಳಿಗೆ ಹೊಟ್ಟೆ ಉರಿಯುತ್ತಿತ್ತು. ತಿರುಗಿದ ಮೇಲೂ ಉರಿಯುತ್ತಿತ್ತು. ಒಂದು ಭಾನುವಾರವೂ ಬೇಡ ಎನ್ನಲಿಲ್ಲ, ಬಂದ ಮೇಲೆ ಏನು ಮಾತಾಡಿದಿರಿ ಎಂದು ಕೇಳಲಿಲ್ಲ. ಅವಳು ಕೊಡಬಹುದಾಗಿದ್ದದ್ದು ಅಷ್ಟೇ, ಅದನ್ನು ವಾರವಾರವೂ ಕೊಟ್ಟಳು.